ರೊಟ್ಟಿ ಹೆಜ್ಜೆ

ಬೇರಿಕೆಯ ಆವುಲಪ್ಪನ ಮಗಳು ಮುನಿರತ್ನ ದಿನಾ ಸಂಜೆ ಒಬ್ಬ ಹೆಂಗಸನ್ನು ಕಾಲ್ಬೆರಳಲ್ಲಿ ಹಿಡಿದು ದರದರ ಎಳೆಯುತ್ತಿದ್ದಳು. ನಿಜವಾಗಿ ಅಲ್ಲ ಬಿಡಿ, ಎಳೆಯುತ್ತಿದ್ದದ್ದು ಒಂದು ಹಳೇ ಟವಲನ್ನು. ಹೊಸೂರಿನ ಕಂಪನಿ ಬಸ್ಸು ಇಳಿದು, ಕೈಕಾಲು ತೊಳೆದು, ಕುರ್ಚಿ ಮೇಲೆ ಕೂತು, ಪಾದದ ಕೆಳಗೆ ಟವಲು ಹಾಸಿಕೊಳ್ಳುವಳು. ಹಿಮ್ಮಡಿ ಎತ್ತದೆ ಬರೀ ಬೆರಳಲ್ಲೇ ಅದನ್ನು ಮುದುರಿ ಮುದುರಿ ತನ್ನ ಕಡೆಗೆ ತರುವಳು. ಸಪಾಟು ಪಾದಕ್ಕೆ ಅದು ವ್ಯಾಯಾಮ. ಮುನಿರತ್ನಳ ಮನಸ್ಸಿನಲ್ಲಿ ಮಾತ್ರ ಅದು ಟವಲಲ್ಲ, ಗುಮ್ಮಳಾಪುರದ ಭದ್ರಮ್ಮನ ಸೆರಗು. "ಬಾರೇ, ಬಾ ಇಲ್ಲಿ" ಅಂತ ಹಲ್ಲು ಕಚ್ಚುವಳು. ಒಲೆ ಮುಂದಿನಿಂದ ತಾಯಿ ರಾಮಲಕ್ಷ್ಮಮ್ಮ "ಯಾರ್ನೇ ಕರೀತಾ ಇದ್ದೀಯ?" ಅಂದರೆ "ಯಾರ್ನೂ ಇಲ್ಲಮ್ಮ, ಬೆರಳು ಬಗ್ಗಿಸ್ತಾ ಇವ್ನಿ" ಅನ್ನುವಳು.

ಹುಟ್ಟಿದಾಗಿನಿಂದ ಅವಳ ಪಾದ ನೆಲಕ್ಕೆ ಪೂರ್ತಾ ಅಂಟುವಂಥದ್ದು, ನಡುವೆ ಕಮಾನೇ ಇಲ್ಲ. ನಿಂತರೆ ಕಣಕಾಲು ಒಳಗಡೆಗೆ ವಾಲುತ್ತಿತ್ತು, ಅದನ್ನು ನೋಡಿ ಮೊಣಕಾಲೂ ಒಳಕ್ಕೇ ವಾಲುತ್ತಿತ್ತು. ಓಡಿದರೆ ಎರಡು ಮೊಣಕಾಲೂ ಒಂದಕ್ಕೊಂದು ಬಡಿಯುತ್ತಿದ್ದವು. ಅದರಿಂದ ಅವಳಿಗೇನೂ ಬೇಜಾರಿರಲಿಲ್ಲ. ಸೊಪ್ಪು ಕೊಯ್ದಳು, ನೀರು ಹೊತ್ತಳು, ತಮಿಳು ಮೀಡಿಯಮ್ಮಿನಲ್ಲಿ ಪ್ಲಸ್ ಟೂ ಪಾಸು ಮಾಡಿದಳು, ಕಂಪನಿಯಲ್ಲಿ ಕೆಲಸದ ಲೈನಿಗೆ ನಿಂತಳು. ಭದ್ರಮ್ಮ ಬಾಯಿ ಬಿಡುವ ತನಕ ತನ್ನ ಕಾಲು ಅವಳಿಗೆ ಬರೀ ಕಾಲಾಗಿತ್ತು.

ಭದ್ರಮ್ಮ ಬೇರೆ ಯಾರೂ ಅಲ್ಲ, ಆವುಲಪ್ಪನ ಚಿಕ್ಕಪ್ಪನ ಮಗಳು. ಮುನಿರತ್ನಳಿಗೆ ಅತ್ತೆ ಆಗಬೇಕು. ಅವಳ ಮಗ ಲಕ್ಷ್ಮೀಪತಿಗೆ ಮುನಿರತ್ನಳನ್ನು ಕೊಡುವುದು ಅಂತ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಹುಡುಗಿಗೂ ಒಪ್ಪಿಗೆ ಇತ್ತು. ಯಾಕೆ ಸುಳ್ಳು ಹೇಳಬೇಕು, ಒಪ್ಪಿಗೆಗಿಂತ ಜಾಸ್ತಿಯೇ ಇತ್ತು. ಫೋನಿನಲ್ಲಿ ಅವನ ಫೋಟೋ ಇಟ್ಟುಕೊಂಡಿದ್ದಳು.

ಭದ್ರಮ್ಮ ಸೇರಿದ ಮನೆಯಲ್ಲಿ ಒಂದು ಪದ್ಧತಿ. ಸೊಸೆಯಾಗಿ ಬರುವ ಹುಡುಗಿ ಮೊದಲ ಸಲ ಬಾಗಿಲಿಗೆ ಬಂದಾಗ ಕಾಲಿಗೆ ನೀರು ಕೊಡುತ್ತಾರೆ. ಅವಳು ಕಾಲು ಒರೆಸಿಕೊಳ್ಳದೆ ಒಳಗೆ ಬರಬೇಕು. ನೆಲದ ಮೇಲೆ ಬಿದ್ದ ಒದ್ದೆ ಹೆಜ್ಜೆಯನ್ನು ಮನೆಯ ಹಿರಿ ಮುತ್ತೈದೆ ಬಗ್ಗಿ ನೋಡುತ್ತಾಳೆ. ನಡುವೆ ಖಾಲಿ ಬಿಟ್ಟು ಮುಂದೆ ಹಿಂದೆ ಮಾತ್ರ ಮೂಡಿದರೆ ಅದು ಗೌರಿ ಹೆಜ್ಜೆ, ಮನೆಗೆ ಒಳ್ಳೆಯದು. ಪಾದ ಪೂರ್ತಾ ಮೂಡಿದರೆ ಮನೆ ನೆಲಸಮ ಆಗುತ್ತದಂತೆ. ಹಾಗಂತ ಅವರಿಗೆ ಹೇಳಿದವರು ಯಾರೋ, ಅವರ ಬಾಯಿಗೆ ಮಣ್ಣು ಹಾಕ!

ಇದ್ಯಾವುದೂ ಗೊತ್ತಿಲ್ಲದ ಮುನಿರತ್ನ ಆವತ್ತು ಗುಮ್ಮಳಾಪುರದ ಅಂಗಳದಲ್ಲಿ ಚೊಂಬಿನ ನೀರು ಸುರಿದುಕೊಂಡು, ಆ ಕೆಂಪು ಗಾರೆ ನೆಲದ ಮೇಲೆ ಧೈರ್ಯವಾಗಿ ನಡೆದುಬಿಟ್ಟಳು. ನೀರು ಕೊಟ್ಟವಳು ಭದ್ರಮ್ಮನೇ. ತನ್ನ ಕಾಲನ್ನು ಮಾತ್ರ ಬಾಗಿಲ ಗೋಣಿತಾಟಿಗೆ ಉಜ್ಜಿ ಉಜ್ಜಿ ಒರೆಸಿಕೊಂಡು, ಹಿಂದೆಯೇ ಬಂದು ಬಗ್ಗಿ ನೋಡಿದಳು. ಜಗಲಿ ತುಂಬ ನೆಂಟರು.

"ಆವುಲಪ್ಪಾ, ಇದೇನಪ್ಪಾ ಇದು? ಹೆಜ್ಜೆಯಾ, ರೊಟ್ಟಿಯಾ?" ಅಂದಳು. "ಮೊಣಕಾಲು ನೋಡ್ರಪ್ಪಾ, ಒಂದಕ್ಕೊಂದು ಮುತ್ತು ಕೊಡ್ತಾ ಅವೆ."

ಎಲ್ಲರೂ ಗೊಳ್ಳೆಂದರು. ಲಕ್ಷ್ಮೀಪತಿಯೂ ನಕ್ಕ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ, ಆದರೆ ಭುಜ ಕುಲುಕುತ್ತಿತ್ತು. ಮುನಿರತ್ನ ಅದನ್ನು ಕಣ್ಣಾರೆ ಕಂಡಳು. ಅವಳ ಅಪ್ಪ ತಲೆ ಬಗ್ಗಿಸಿ ಕೂತಿದ್ದ. ಊಟ ಕೂಡ ಮಾಡದೆ ವಾಪಸ್ ಬಂದರು, ಸಂಬಂಧ ಅಲ್ಲಿಗೆ ಮುರಿಯಿತು. ವಾರ ಕಳೆಯುವುದರೊಳಗೆ ಬೇರಿಕೆ ಸಂತೆಯಲ್ಲೂ ಅವಳಿಗೆ 'ರೊಟ್ಟಿ ರತ್ನ' ಅಂತ ಹೆಸರು ಬಿತ್ತು. ಫೋಟೋ ಅಳಿಸಿದಳು. "ಆ ಭದ್ರಮ್ಮನ ಹೆಜ್ಜೇನೂ ಹತ್ತು ಜನ ನೋಡಬೇಕು, ಆವತ್ತು ನಾನು ನಗ್ತೀನಿ" ಅಂತ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಳು. ಹೇಗೆ, ಯಾವಾಗ, ಒಂದೂ ಗೊತ್ತಿರಲಿಲ್ಲ.

ಲೈನಿನಲ್ಲಿ ನಿಂತು ನಿಂತು ಶುರುವಾದ ಕಾಲು ನೋವಿಗೆ ಅಂತ ಹೊಸೂರಿನಲ್ಲಿ ಫಿಸಿಯೋ ರಾಧಾಮಣಿ ಹತ್ತಿರ ಹೋದದ್ದು ಅದಾದ ಮೇಲೆ. ರಾಧಾಮಣಿ ಒದ್ದೆ ಕಾಲಲ್ಲಿ ಸಿಮೆಂಟಿನ ಮೇಲೆ ನಿಲ್ಲು ಅಂದಾಗ ಮುನಿರತ್ನಳಿಗೆ ಮೈಯೆಲ್ಲ ಉರಿದುಹೋಯಿತು.

"ನೀವೂ ಹೆಜ್ಜೆ ನೋಡ್ತೀರಾ ಮೇಡಂ? ನಿಮ್ಮನೇಗೇನು ನಾನು ಸೊಸೆಯಾಗಿ ಬತ್ತೀನಾ?"

ರಾಧಾಮಣಿಗೆ ತಲೆಬುಡ ಅರ್ಥವಾಗಲಿಲ್ಲ. ಕತೆ ಕೇಳಿದ ಮೇಲೆ ತಮಿಳಲ್ಲಿ ಒಂದು ಬೈಗುಳ ಬೈದು, ಆಮೇಲೆ ಕೆಲಸ ಶುರು ಮಾಡಿದಳು. ತುದಿಗಾಲಲ್ಲಿ ನಿಲ್ಲಿಸಿ ನೋಡಿದಳು. ಹಿಮ್ಮಡಿ ಎತ್ತಿದಾಗ ಕಮಾನು ಚೆನ್ನಾಗಿ ಕಾಣುತ್ತದೆ, ಭಾರ ಬಿಟ್ಟಾಗ ಕುಸಿಯುತ್ತದೆ, ಅದಕ್ಕೇ ದಾರಿ ಇದೆ ಅಂದಳು. ಮೊಣಕಾಲು ಒಳಗೆ ಬೀಳುವುದು ಮೊಣಕಾಲಿನ ತಪ್ಪಲ್ಲ, ಸೊಂಟದ ಪಕ್ಕದ ಮಾಂಸ ಸೋಮಾರಿಯಾಗಿದೆ, ಅದನ್ನು ಎಬ್ಬಿಸಬೇಕು ಅಂದಳು. ಕಾಲು ಯಾರ ಕಡೆಯಿಂದ ಬಂದದ್ದು ಅಂತ ಕೇಳಿದಾಗ ಮುನಿರತ್ನ "ಅಪ್ಪನ ಕಡೆ, ನಮ್ಮ ತಾತಂಗೂ ಹಿಂಗೇ ಇತ್ತಂತೆ" ಅಂದಳು. ಹಾಗೇ ಮಾತಿನ ಮಧ್ಯೆ ರಾಧಾಮಣಿ ಅವಳ ಚಪ್ಪಲಿ ಎತ್ತಿ ತೋರಿಸಿ "ಒಳಗಡೆ ಅಂಚು ಸವೆದಿದೆ ನೋಡು, ಚಪ್ಪಲಿ ನೋಡಿದ್ರೆ ಸಾಕು, ಕಾಲು ಗೊತ್ತಾಗುತ್ತೆ" ಅಂದಳು. ಮುನಿರತ್ನ ಆಗ ಅದಕ್ಕೆ ಬೆಲೆ ಕೊಡಲಿಲ್ಲ.

ಆಮೇಲೆ ನೋಡಿ ಅವಳ ಹಟ! ಬೆರಳು ಮಡಚದೆ ಹೆಬ್ಬೆರಳ ಬುಡದ ಉಬ್ಬನ್ನು ಹಿಮ್ಮಡಿ ಕಡೆಗೆ ಎಳೆದು ಕಮಾನು ಎತ್ತುವುದನ್ನು ಕಂಪನಿ ಬಸ್ಸಿನಲ್ಲಿ ನಿಂತೇ ಮಾಡುತ್ತಿದ್ದಳು. ಎರಡು ಹಿಮ್ಮಡಿ ನಡುವೆ ರಬ್ಬರು ಚೆಂಡು ಸಿಕ್ಕಿಸಿಕೊಂಡು ತುದಿಗಾಲಲ್ಲಿ ಏಳುವುದು, ಅದು ಭದ್ರಮ್ಮನ ಕತ್ತು ಅಂದುಕೊಂಡು ಅಮುಕುವುದು. ಒಂದು ಮಗ್ಗುಲಲ್ಲಿ ಮಲಗಿ, ತೊಡೆಗೆ ರಬ್ಬರು ಪಟ್ಟಿ ಹಾಕಿ, ಪಾದ ಕೂಡಿಸಿಕೊಂಡೇ ಮೇಲಿನ ಮೊಣಕಾಲನ್ನು ಅಗಲಿಸುವುದು, ಅದು ಲಕ್ಷ್ಮೀಪತಿಗೆ ಒದೆಯುವ ಲೆಕ್ಕ. ಕುರ್ಚಿಯಿಂದ ಏಳುವಾಗ ಕೂರುವಾಗ ಮೊಣಕಾಲು ಬೆರಳಿನ ನೇರಕ್ಕೇ ಇರಬೇಕು. ಒಳಗೆ ಬಿತ್ತೋ, ತನಗೆ ತಾನೇ "ಲೇ ರೊಟ್ಟಿ" ಅಂದುಕೊಂಡು ಮತ್ತೆ ಏಳುವಳು. ಜ್ವರ ಬಂದರೂ ಬಿಡಲಿಲ್ಲ, ಹಬ್ಬ ಬಂದರೂ ಬಿಡಲಿಲ್ಲ. ಸಿಟ್ಟು ಇರುವ ತನಕ ಅವಳಿಗೆ ಬೇರೆ ಯಾರೂ ನೆನಪು ಮಾಡಬೇಕಿರಲಿಲ್ಲ.

ಒಂದೆರಡು ವರ್ಷಕ್ಕೆ ನೋವು ಹೋಯಿತು. ಮೊಣಕಾಲು ನೆಟ್ಟಗಾಯಿತು. ನಡಿಗೆ ನೋಡಿ ಲೈನಿನ ಹುಡುಗಿಯರೇ "ಏನಕ್ಕಾ, ಎತ್ತರ ಆಗ್ಬುಟ್ಟಿದ್ದೀಯ" ಅಂದರು. ಆದರೆ ಪಾದದ ಕತೆ ಬೇರೆ. ರಾಧಾಮಣಿ ಮತ್ತೆ ಒದ್ದೆ ಹೆಜ್ಜೆ ತೆಗೆದು "ನಲ್ಲಾ ಇರುಕ್ಕು, ಚೆನ್ನಾಗಿದೆ!" ಅಂತ ಖುಷಿಪಟ್ಟಳು. ಮುನಿರತ್ನ ಬಗ್ಗಿ ನೋಡಿದಳು. ಒಳ ಅಂಚಿನಲ್ಲಿ ಒಂದು ಚೂರು ಕಚ್ಚು ಬಿದ್ದಿತ್ತು, ಅಷ್ಟೇ.

"ಇಷ್ಟೇನಾ ಮೇಡಂ?"

"ನೋವು ಇದೆಯಾ?"

"ಇಲ್ಲ."

"ಮತ್ತೆ ಇನ್ನೇನಮ್ಮ ಬೇಕು ನಿನಗೆ?"

ಗೌರಿ ಹೆಜ್ಜೆ ಬೇಕಾಗಿತ್ತು ಅವಳಿಗೆ. ಭದ್ರಮ್ಮನ ಗಾರೆ ನೆಲದ ಮೇಲೆ ಅದನ್ನು ಒತ್ತಿ, "ನೋಡ್ಕೊಳೇ" ಅಂತ ಹೇಳಿ ಬರಬೇಕಾಗಿತ್ತು. ಈ ಕಚ್ಚು ತಗೊಂಡು ಅಲ್ಲಿಗೆ ಹೋದರೆ ಮತ್ತೆ ರೊಟ್ಟಿಯೇ ಆಗುವುದು. ಆವತ್ತು ಬಸ್ಸಿನಲ್ಲಿ ಅತ್ತಳು.

ಇಷ್ಟರಲ್ಲಿ ರಾಯಕೋಟೆಯಲ್ಲಿ ನೆಂಟರ ಮಗುವಿಗೆ ನಾಮಕರಣ. ಊಟ ಮುಗಿಸಿ ಹೊರಗೆ ಬಂದ ಮುನಿರತ್ನ ಬಾಗಿಲ ಬಳಿಯ ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕುತ್ತಿದ್ದಳು. ಒಂದು ಜೊತೆ ಕಣ್ಣಿಗೆ ಬಿತ್ತು. ಕಂದು ಬಣ್ಣದ ಹೆಂಗಸರ ಚಪ್ಪಲಿ, ಎರಡರಲ್ಲೂ ಹಿಮ್ಮಡಿಯ ಒಳ ಅಂಚು ಸವೆದು ಸವೆದು ಕಾಗದದಷ್ಟಾಗಿತ್ತು. ತನ್ನದಕ್ಕಿಂತ ಕಡೆ. ಯಾರಪ್ಪಾ ಪಾಪ ಅಂದುಕೊಳ್ಳುವಷ್ಟರಲ್ಲಿ ಭದ್ರಮ್ಮ ಎಲೆ ಅಡಿಕೆ ಜಗಿಯುತ್ತಾ ಬಂದು, ಅದರೊಳಗೆ ಕಾಲು ತೂರಿಸಿ, ಇವಳ ಮುಖವನ್ನೂ ನೋಡದೆ ಹೊರಟುಹೋದಳು.

ಮುನಿರತ್ನ ನಿಂತಲ್ಲೇ ನಿಂತಳು. ಅಪ್ಪನ ಕಡೆಯ ಕಾಲು! ಅವಳೂ ಆ ಕಡೆಯವಳೇ ಅಲ್ಲವಾ? ಆವತ್ತು ಬಾಗಿಲ ಗೋಣಿತಾಟಿಗೆ ಅವಳು ಅಷ್ಟು ಉಜ್ಜಿ ಉಜ್ಜಿ ಒರೆಸಿಕೊಂಡದ್ದು ಯಾಕೆ ಅಂತ ಈಗ ಹೊಳೆಯಿತು. "ಅಯ್ಯೋ ನಿನ್ನ ಮನೆ ಹಾಳಾಗ!" ಅಂತ ಬಾಯಿಬಿಟ್ಟೇ ಅಂದಳು. ಯಾರಿಗೂ ಹೇಳಲಿಲ್ಲ. ಗಂಟು ಸಿಕ್ಕಿದವಳ ಹಾಗೆ ಒಳಗೇ ಇಟ್ಟುಕೊಂಡಳು.

ಹೆಜ್ಜೆ ನೋಡಿ ನೋಡಿ ಹುಡುಗಿಯರನ್ನು ಬೇಡ ಅಂದ ಮನೆಗೆ ಆಮೇಲೆ ಯಾರೂ ಹೆಣ್ಣು ಕೊಡಲು ಮುಂದೆ ಬರಲಿಲ್ಲ. ಲಕ್ಷ್ಮೀಪತಿಗೆ ನೆತ್ತಿಯ ಕೂದಲು ಬೆಳ್ಳಗಾಗುತ್ತಾ ಬಂತು. ಆವುಲಪ್ಪನ ಮಗಳ ಕಾಲನ್ನು ಹೊಸೂರಿನ ಡಾಕ್ಟರು ಸರಿ ಮಾಡಿದ್ದಾರಂತೆ ಅನ್ನುವ ಸುದ್ದಿ ಗುಮ್ಮಳಾಪುರ ಮುಟ್ಟಿದ್ದೇ ತಡ, ಭದ್ರಮ್ಮ ಫೋನು ಮಾಡಿಸಿದಳು: ಭಾನುವಾರ ನಾವೇ ಬರುತ್ತೇವೆ, ಒಂದು ಸಲ ಒದ್ದೆ ಹೆಜ್ಜೆ ನೋಡಿಬಿಟ್ಟು ಅಲ್ಲೇ ತಾಂಬೂಲ ಬದಲಾಯಿಸಿಕೊಳ್ಳೋಣ.

ಆವುಲಪ್ಪ ಮಗಳ ಮುಂದೆ ಕೈ ಕಟ್ಟಿ ನಿಂತ. "ಹಳೇದು ಬಿಟ್ಬುಡವ್ವಾ."

"ಬರ್ಲಿ ಬಿಡಪ್ಪಾ," ಅಂದಳು ಮುನಿರತ್ನ. "ನಾನೇ ಆರತಿ ಎತ್ತುತೀನಿ."

ಅವಳ ಅಣ್ಣ ಸುಬ್ರಮಣಿ ಆ ವರ್ಷವೇ ಮನೆಗೆಲ್ಲ ಬಿಳೀ ಟೈಲ್ಸ್ ಹಾಕಿಸಿದ್ದ. ಭಾನುವಾರ ಬೆಳಿಗ್ಗೆ ಎದ್ದು ಅದನ್ನು ತಾನೇ ಒರೆಸಿದಳು. ಬಾಗಿಲಲ್ಲಿದ್ದ ಕಾಲೊರಸು ತೆಗೆದು ಹಿತ್ತಲಿಗೆ ಎಸೆದಳು. ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪಗೆ ಓಕುಳಿ ಮಾಡಿದಳು.

ಅದೇ ನೆಂಟರು, ಅದೇ ಬಾಯಿಗಳು, ಕಾರಿನಿಂದ ಇಳಿದವು. ಭದ್ರಮ್ಮ, ಅವಳ ಗಂಡ ರಾಮಾಂಜಿನಪ್ಪ, ಹಿಂದೆ ಲಕ್ಷ್ಮೀಪತಿ. ಚಪ್ಪಲಿ ಬಿಟ್ಟು ಭದ್ರಮ್ಮ ಮೆಟ್ಟಿಲ ಮೇಲೆ ನಿಂತಳು. ಮುನಿರತ್ನ ನಗುನಗುತ್ತಾ ಆರತಿ ಎತ್ತಿ, ದೃಷ್ಟಿ ತೆಗೆದು, ಓಕುಳಿಯನ್ನು ಅವಳ ಎರಡು ಪಾದದ ಮೇಲೇ ಸುರಿದುಬಿಟ್ಟಳು.

"ಅಯ್ಯಯ್ಯೋ, ಕೈ ಜಾರ್ತು ಅತ್ತೆ! ಪರವಾಗಿಲ್ಲ, ಶುಭಾನೇ. ಬಾ ಒಳಗೆ."

ಭದ್ರಮ್ಮ ಕೆಳಗೆ ನೋಡಿದಳು. ಗೋಣಿತಾಟಿಲ್ಲ, ಕಾಲೊರಸಿಲ್ಲ. ಮುಂದೆ ಬೆಳ್ಳಗೆ ಹೊಳೆಯುವ ನೆಲ, ಹಿಂದೆ ನೂಕುತ್ತಿರುವ ನೆಂಟರು. ಬೆರಳು ಮಡಚಿಕೊಂಡು ಪಾದದ ಹೊರ ಅಂಚಿನ ಮೇಲೆ ಒಂದು ಹೆಜ್ಜೆ ಇಟ್ಟಳು. ಎರಡನೆಯದಕ್ಕೆ ಮೈ ತೂಗಿತು, ಆ ವಯಸ್ಸಿನಲ್ಲಿ ಸೊಂಟ ತಡೆಯಬೇಕಲ್ಲ. ಮೂರನೆಯದು ದಪ್ಪನೆ ಬಿತ್ತು. ಅಲ್ಲಿಂದ ಚಾಪೆಯ ತನಕ ಟೈಲ್ಸಿನ ಮೇಲೆ ಕೆಂಪಗೆ, ತುಂಬಿಕೊಂಡು, ಎಲ್ಲೂ ಒಂದು ಚೂರು ಖಾಲಿ ಬಿಡದೆ ಹೆಜ್ಜೆ ಮೂಡುತ್ತಾ ಹೋಯಿತು.

ಮುನಿರತ್ನ ಬಗ್ಗಿ ನೋಡಿದಳು. ಎಲ್ಲರೂ ಬಗ್ಗಿ ನೋಡುವ ತನಕ ಕಾದಳು.

"ಅಪ್ಪಾ," ಅಂದಳು, "ಇದೇನಪ್ಪಾ ಇದು? ಹೆಜ್ಜೆಯಾ, ರೊಟ್ಟಿಯಾ?"

ನಗು ಶುರುವಾಯಿತು, ಶುರು ಮಾಡಿದವನು ರಾಮಾಂಜಿನಪ್ಪ. "ಇಷ್ಟು ವರ್ಷ ಸಂಸಾರ ಮಾಡಿ ಇವಳ ಪಾದಾನೇ ನೋಡಿರ್ಲಿಲ್ಲವಲ್ಲೋ ನಾನು!" ಅಂತ ಹೊಟ್ಟೆ ಹಿಡಿದುಕೊಂಡ. ನೆಂಟರೂ ಸೇರಿಕೊಂಡರು. ಲಕ್ಷ್ಮೀಪತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಅವನ ಭುಜ ಆವತ್ತಿನ ಹಾಗೆಯೇ ಕುಲುಕುತ್ತಿತ್ತು.

"ನಗು, ನಗು," ಅಂದಳು ಮುನಿರತ್ನ ಅವನಿಗೆ. "ಹೆತ್ತವ್ವನ್ನ ನೋಡಿ ನಗೋನಿಗೆ ನನ್ನ ಕಾಲು ತೋರಿಸಲ್ಲ ನಾನು. ತಾಂಬೂಲ ಎತ್ಕೊಂಡು ಹೊರಡ್ರಿ."

ಭದ್ರಮ್ಮ ಆಗಲೇ ಹಿತ್ತಲಿಗೆ ಹೋಗಿಬಿಟ್ಟಿದ್ದಳು. ಮುನಿರತ್ನ ಹಿಂದೆಯೇ ಹೋದಳು. ಇನ್ನೂ ಎರಡು ಮಾತು ಅನ್ನಬೇಕಿತ್ತು, ವರ್ಷಗಟ್ಟಲೆ ಮಸೆದಿಟ್ಟ ಮಾತು. ಒಗೆಯುವ ಕಲ್ಲಿನ ಮೇಲೆ ಕೂತು ಭದ್ರಮ್ಮ ಪಾದ ಉಜ್ಜುತ್ತಿದ್ದಳು, ಓಕುಳಿ ಹೋಗುತ್ತಿರಲಿಲ್ಲ.

"ಮದ್ವೆ ಹೆಣ್ಣಾಗಿ ಆ ಮನೆಗೆ ಹೋದಾಗ ನಮ್ಮವ್ವ ಕಿವೀಲಿ ಹೇಳ್ಕೊಟ್ಟಿದ್ಲು," ಅಂದಳು ತಲೆ ಎತ್ತದೆ. "ಅಂಚಿನ ಮೇಲೆ ನಡಿ, ಬೆರಳು ಮಡಚ್ಕೊ ಅಂತ. ನಮ್ಮತ್ತೆ ನೋಡಿ ಗೌರಿ ಹೆಜ್ಜೆ ಅಂದ್ರು. ಆವತ್ತಿಂದ ಆ ಮನೇಲಿ ಒದ್ದೆ ಕಾಲಲ್ಲಿ ಓಡಾಡಿಲ್ಲ ಕಣೇ ನಾನು."

"ಹಂಗಾದ್ರೆ ನಿನಗೆ ಗೊತ್ತಿತ್ತು," ಅಂದಳು ಮುನಿರತ್ನ. ಮಸೆದಿಟ್ಟ ಮಾತೆಲ್ಲ ಮರೆತುಹೋಗಿತ್ತು. "ನನಗೆ ನೀರು ಕೊಟ್ಟೋಳು ನೀನೇ. ನನ್ನ ಕಿವೀಲೂ ಹೇಳಬಹುದಾಗಿತ್ತಲ್ಲ ಅತ್ತೆ, ಅಂಚಿನ ಮೇಲೆ ನಡಿಯೇ ಅಂತ."

"ಹೇಳಿದ್ರೆ, ನಿನಗೆ ಹೆಂಗೆ ಗೊತ್ತು ಅಂತ ಕೇಳ್ತಿದ್ದೆ ನೀನು," ಅಂದಳು ಭದ್ರಮ್ಮ. ಹಿತ್ತಲ ಬಾಗಿಲಿಂದಲೇ ಸುತ್ತಿಕೊಂಡು ಕಾರಿಗೆ ಹೋದಳು.

ಹೆಜ್ಜೆ ಒರೆಸಲು ಮುನಿರತ್ನ ಯಾರನ್ನೂ ಬಿಡಲಿಲ್ಲ. "ಇರ್ಲಿ, ಬೀದಿಯೋರೆಲ್ಲ ನೋಡ್ಲಿ" ಅಂದಳು. ನೋಡಿದರು. ಬೇರಿಕೆಯಲ್ಲಿ ಹಳೇ ಹೆಸರು ಆವತ್ತೇ ಸತ್ತು ಭದ್ರಮ್ಮನ ಹಿಂದೆಯೇ ಗುಮ್ಮಳಾಪುರಕ್ಕೆ ಹೊಸ ಹೆಸರು ಹೋಯಿತು.

ಸಂಜೆ ಅವಳು ಎಂದಿನ ಹಾಗೆ ಕುರ್ಚಿ ಮೇಲೆ ಕೂತು ಟವಲು ಹಾಸಿದಳು. ಬೆರಳು ಊರಿ, ಹಲ್ಲು ಕಚ್ಚಿ, ಭದ್ರಮ್ಮನ ಮುಖ ನೆನೆದಳು. ಆ ಮುಖ ಬರಲಿಲ್ಲ. ಬಂದದ್ದು ಯಾರೋ ಮದುವೆ ಹೆಣ್ಣು, ತಲೆ ತಗ್ಗಿಸಿಕೊಂಡು, ಉಸಿರು ಬಿಗಿ ಹಿಡಿದು, ಪಾದದ ಅಂಚಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮುನಿರತ್ನ ಕಣ್ಣು ಮುಚ್ಚಿ ತೆರೆದಳು. ಮತ್ತೆ ಅವಳೇ. ಟವಲು ಬೆರಳಿಗೆ ಸಿಕ್ಕದೆ ಜಾರಿತು.

"ಹಾಳಾದೋಳು," ಅಂದಳು. "ನೆಮ್ಮದಿಯಾಗಿ ಬೈಕೊಳ್ಳೋಕೂ ಬಿಡ್ಲಿಲ್ಲ."

"ಯಾರ್ನೇ?" ಅಂದಳು ತಾಯಿ ಒಲೆ ಮುಂದಿನಿಂದ.

ಮುನಿರತ್ನ ಟವಲನ್ನು ಕೈಯಿಂದ ನೆಟ್ಟಗೆ ಮಾಡಿ, ಮತ್ತೆ ಕಾಲ ಕೆಳಗೆ ಹಾಸಿಕೊಂಡಳು.