ಹಿರಿಸೊಸೆಯ ಪಾತ್ರ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಚಿಕ್ಕಂದಿನಲ್ಲಿ ತವರಿನ ಮಗ್ಗಕ್ಕೆ ಸಿಕ್ಕಿದ್ದಂತೆ. ಏನಾದರೂ ಯೋಚಿಸುವಾಗ ಆ ಸೀಳನ್ನು ಮೆಲ್ಲಗೆ ಸವರಿಕೊಳ್ಳುತ್ತಿದ್ದರು. ಬೆಟಗೇರಿಯಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರೇ ಕನ್ನಡ ಕಲಿಸುವ ಅಕ್ಕೋರು. ಯಾರಾದರೂ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದರೆ ಬಿಡುತ್ತಿರಲಿಲ್ಲ. "ಮಾತು ನುಂಗಬ್ಯಾಡವ್ವ. ತಪ್ಪಾದ್ರ ಆಗ್ಲಿ, ಪೂರ್ತಿ ಹೇಳು" ಎನ್ನುತ್ತಿದ್ದರು.

ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕೆರೆಯ ದೇವಿಯ ನಾಟಕ ಇದ್ದೇ ಇರುತ್ತಿತ್ತು. ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ: ಎಷ್ಟು ತೋಡಿದರೂ ಕೆರೆಗೆ ನೀರು ಬರಲಿಲ್ಲ, ಊರ ಗೌಡರು ತಮ್ಮ ಮನೆಯ ಕಿರಿಸೊಸೆಯನ್ನು ಬಲಿಕೊಟ್ಟರು, ನೀರು ಉಕ್ಕಿತು, ಅವಳು ದೇವಿಯಾದಳು. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ದೇವಿಯ ಪಾತ್ರಕ್ಕೆ ನಾವೆಲ್ಲ ಕಾದು ಕೂತಿದ್ದೆವು. ಅಕ್ಕೋರು ಬಂದವರೇ, "ಈ ಸಲ ದೇವಿ ಇಲ್ಲ. ಹಿರೇಸೊಸಿ ಕಥಿ ಹೇಳತಾಳ" ಎಂದರು. ಹಿರಿಸೊಸೆಯ ಪಾತ್ರ ನನ್ನ ಪಾಲಿಗೆ ಬಂತು.

ಕಿರಿಸೊಸೆಗೆ ಹೆರಳು ಹಾಕಿ ಕೆರೆಗೆ ಕಳಿಸುವುದು ನನ್ನ ಕೆಲಸ. ತಾಲೀಮಿನಲ್ಲಿ ಕೇಳಿದೆ: "ಅಕ್ಕೋರೇ, ಹಿರೇಸೊಸಿಗೆ ಎಲ್ಲಾ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ ತನ್ನ ಪಾಳಿ ಬರತೈತಿ ಅಂತ ಅಂಜಿದ್ಲು."

ನಾನು ಹೆರಳು ಹಾಕುತ್ತ ಬಿಕ್ಕಿದೆ. ಪಾತ್ರಕ್ಕೆ ಅದು ಒಪ್ಪುತ್ತದೆ ಎಂದುಕೊಂಡಿದ್ದೆ. ಅಕ್ಕೋರು ತಡೆದರು. "ಅಳಬ್ಯಾಡ. ಅಕಿ ಅಳಲಿಲ್ಲ. ಅತ್ತಿದ್ರ ಆ ಹುಡುಗಿಗೆ ಖಬರ ಹತ್ತತಿತ್ತು. ನಕ್ಕೋತ ಕಳಿಸಿದ್ಲು."

ನಾಟಕದ ದಿನ ಮುಂದಿನ ಸಾಲಿನಲ್ಲಿ ನಾವು ಹಿಂದೆಂದೂ ಕಂಡಿರದ ಹೆಣ್ಣುಮಗಳೊಬ್ಬಳು ಕೂತಿದ್ದಳು. ನಾಟಕ ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. "ದೇವಿ ಎಲ್ಲ್ಯದಾಳ್ರಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಬಣ್ಣ ತೆಗೆಯುತ್ತಿದ್ದಾಗ ಆ ಹೆಣ್ಣುಮಗಳು ಒಳಗೆ ಬಂದಳು. ಅಕ್ಕೋರು ಎದ್ದು ನಿಂತರು. ಅವಳು ಅಕ್ಕೋರ ಮೈದುನನ ಮೊದಲ ಹೆಂಡತಿ ಎಂದು ತಿಳಿದದ್ದು ಅವರ ಮಾತಿನಿಂದಲೇ. ಮಕ್ಕಳಾಗಲಿಲ್ಲವೆಂದು ಮನೆಯವರು, ನಾಲ್ಕು ದಿನ ತವರಿಗೆ ಹೋಗಿ ಬಾ ಎಂದು ಅವಳನ್ನು ಬೆಳ್ಳಟ್ಟಿಗೆ ಕಳಿಸಿ, ಹಿಂದೆಯೇ ಮೈದುನನಿಗೆ ಬೇರೆ ಮದುವೆ ಮಾಡಿದ್ದರು.

"ನಿನಗ ಹೆರಳ ಹಾಕಿ ಕಳಿಸೋ ದಿನ ನನಗ ಎಲ್ಲಾ ಗೊತ್ತಿತ್ತು" ಎಂದರು ಅಕ್ಕೋರು. ನಮ್ಮ ಮುಂದೆಯೇ ಅಂದುಬಿಟ್ಟರು.

"ನನಗೂ ಗೊತ್ತಿತ್ತಕ್ಕಾ" ಎಂದಳು ಆಕೆ. "ನಿನ್ನ ಕೈ ತಣ್ಣಗಾಗಿದ್ವು. ಬಸ್ಸು ಬಿಡೂತನಕ ನಿನ್ನ ಮಾರಿ ನೋಡಿದೆ, ನೀನರೆ ಹೇಳ್ತೀ ಅಂತ."

ಆಕೆ ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಅಕ್ಕೋರು ಚಹಾ ತರಿಸಿದಾಗ "ಬ್ಯಾಡ" ಎಂದು ಹೊರಟುಹೋದಳು. ಅಷ್ಟು ವರ್ಷ ನಮ್ಮನ್ನೆಲ್ಲ ಗದರಿಸಿದ ಅಕ್ಕೋರು ಹುಡುಗಿಯರ ನಡುವೆ ಮುಖ ಮುಚ್ಚಿಕೊಂಡು ನಿಂತಿದ್ದರು.

ಎರಡು ವರ್ಷದ ಮೇಲೆ, ನಾನು ಪಿಯುಸಿ ಓದುವಾಗ, ಅವರು ಒಂದು ಸಂಜೆ ಕರೆಯದೇ ನಮ್ಮ ಮನೆಗೆ ಬಂದರು. ಅಪ್ಪ "ಬರ್ರಿ, ಕುಂಡ್ರಿ" ಎಂದರೂ ಕೂರಲಿಲ್ಲ. ನನ್ನ ಕಡೆ ತಿರುಗಿ, "ನಿನ್ನ ಲಗ್ನ ಗೊತ್ತ ಮಾಡ್ಯಾರವ್ವ. ಓಣಿಗೆಲ್ಲಾ ಗೊತ್ತೈತಿ, ನಿನಗಷ್ಟ ಗೊತ್ತಿಲ್ಲ" ಎಂದರು.

"ನಮ್ಮ ಮನಿ ವಿಚಾರ ನಿಮಗ್ಯಾಕ್ರಿ?" ಅಪ್ಪ ಸಿಡಿದರು.

"ಆಕಿನ್ನ ಕೇಳ್ರಿ. ಆಕಿ ಹ್ಞೂಂ ಅಂದ್ರ ನಾನ ಬಂದು ಅಕ್ಕಿಕಾಳು ಹಾಕತೀನಿ."

ನಾನು ಬೇಡ ಎಂದೆ. ಅಪ್ಪ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ, ಆದರೆ ಆ ಸಂಬಂಧ ಮುರಿಯಿತು. ಓದು ಮುಗಿಸಿ ನಾನೀಗ ಮುಂಡರಗಿಯಲ್ಲಿ ನರ್ಸ್ ಆಗಿದ್ದೇನೆ.

ಹೋದ ವರ್ಷ ಅಕ್ಕೋರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. "ನನ್ನ ಬಾಳೇವು ಉಳಿಸಿದವರು ನೀವೇ ರೀ. ಇನ್ನರೆ ಹಳೇದು ಬಿಡ್ರಿ" ಎಂದೆ. ಅವರು ಕೈ ಬಿಡಿಸಿಕೊಂಡರು.

"ನಿಮ್ಮಪ್ಪಗ ನಾ ಯಾಕ ಅಂಜಲಿ? ಅದೇನು ದೊಡ್ಡದಲ್ಲವ್ವ. ಅಂಜಿಕಿ ಇದ್ದಾಗ ಅಕಿಗೆ ಹೇಳಬೇಕಿತ್ತು."

ನಾನು ಅವರ ಹೊದಿಕೆ ಸರಿಮಾಡಿದೆ. ವಾರದೊಳಗೆ ತೀರಿಕೊಂಡರು. ಬೆಳ್ಳಟ್ಟಿಯಲ್ಲಿದ್ದ ಆ ಹೆಣ್ಣುಮಗಳಿಗೂ ಸುದ್ದಿ ಮುಟ್ಟಿಸಿದ್ದರು. ಅಲ್ಲಿಂದ ಯಾರೂ ಬರಲಿಲ್ಲ.