ಅಡ್ಡ ಬಂದವರು

ಸಾಫ್ಟ್‌ವೇರ್ ಆರಿಸಿಕೊಡುವಷ್ಟು ತಿಳಿವಳಿಕೆ ನನಗೆ ಎಂದೂ ಇರಲಿಲ್ಲ. ಮನೆಯವರಿಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವನಿಗೆ ಕಂಪ್ಯೂಟರ್ ಬಾರದೇ ಇರುತ್ತದೆಯೇ ಎಂಬುದು ನನ್ನ ಅಕ್ಕನ ನಂಬಿಕೆ. ಎರಡು ಸಾವಿರದ ಇಸವಿಯ ಆಸುಪಾಸಿನ ಸಿರ್ಸಿಯಲ್ಲಿ ಅಂಥ ನಂಬಿಕೆಗಳು ಸುಲಭವಾಗಿ ಬದುಕುತ್ತಿದ್ದವು.

ಅಕ್ಕನ ಮಗಳು ಮೇಧಾಗೆ ಆರ್ಕಿಟೆಕ್ಚರ್ ಓದುವ ಆಸೆ. ದೂರದ ಊರಿನ ಕಾಲೇಜೊಂದು ಸಂದರ್ಶನಕ್ಕೆ ಕರೆದಿತ್ತು. ಬರುವಾಗ ತಾನು ಬರೆದ ಚಿತ್ರಗಳನ್ನೆಲ್ಲ ಒಪ್ಪವಾಗಿ ಜೋಡಿಸಿದ ಒಂದು ಪೋರ್ಟ್‌ಫೋಲಿಯೋ ತರಬೇಕು ಎಂದಿತ್ತು. ಭಾವ ತನ್ನ ಮಾತನ್ನು ಊಟದ ನಡುವೆಯೇ ಮುಗಿಸಿದ್ದ: "ಸಿಕ್ರೆ ಹೋಗ್ಲಿ, ಎಂತೂ ತೊಂದ್ರೆ ಇಲ್ಲೆ. ಸಿಗ್ದೇ ಇದ್ರೆ ಇಲ್ಲೇ ಬಿ.ಎಸ್ಸಿ. ಸೇರವು. ಮತ್ತೊಂದ್ ವರ್ಷ ಕಾಯ್ತೆ ಹೇಳಿ ಕೂಪಲಿಲ್ಲೆ." ಮೇಧಾ ತಲೆಯೆತ್ತದೆ ಮಜ್ಜಿಗೆ ಬಡಿಸಿಕೊಂಡಳು. ಅವಳಿಗೆ ಇದ್ದದ್ದು ಆ ಒಂದೇ ಬಾಗಿಲು.

ಸರಿ, ಯಾವುದರಲ್ಲಿ ಮಾಡಿಸುವುದು? ಊರಿನಲ್ಲಿ ಸಾಫ್ಟ್‌ವೇರ್ ಎಂದರೆ ಅಂಗಡಿ. ಪೇಜ್‌ಮೇಕರ್ ಬೇಕಾದರೆ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿಗೆ ಹೋಗಬೇಕು. ಅಲ್ಲಿ ಏನನ್ನೇ ಕೊಟ್ಟರೂ ನೆತ್ತಿಯ ಮೇಲೊಬ್ಬ ಗಣಪತಿ ಕೂತೇ ಹೊರಬರುತ್ತಿತ್ತು. ಕೋರೆಲ್ ಡ್ರಾ ಬೋರ್ಡು ಬರೆಯುವವರ ಬಳಿ. ಪವರ್‌ಪಾಯಿಂಟ್ ಕಂಪ್ಯೂಟರ್ ಕ್ಲಾಸಿನಲ್ಲಿ. ಅದರಲ್ಲಿ ಅಕ್ಷರಗಳು ಎಡಬಲದಿಂದ ಹಾರಿ ಬಂದು ಕೂರುವುದನ್ನು ಕಂಡು ನಾನು ಮರುಳಾಗಿದ್ದೆ. ಕಾಗದದ ಮೇಲೆ ಅವು ಹಾರುವುದಿಲ್ಲವೆಂದು ಮೇಧಾಳೇ ಹೇಳಬೇಕಾಯಿತು. ಇನ್ನು ಫೋಟೋಶಾಪ್. ಅದು ದೇವಿಕೆರೆ ಹತ್ತಿರ ಸಲೀಂ ಭಾಯ್ ಸ್ಟುಡಿಯೋದಲ್ಲಿ.

"ಸಲೀಂ ಭಾಯ್ ಹತ್ರನೇ ಮಾಡ್ಸು ತಮಾ" ಎಂದಳು ಅಕ್ಕ. "ಶಾರದೆ ಮದ್ವೆ ಆಲ್ಬಮ್ ಎಷ್ಟು ಚೊಲೋ ಬಂಜು ನೋಡಿದ್ಯಲ."

ನೋಡಿದ್ದೆ. ಸಲೀಂ ಭಾಯ್ ಕೈಚಳಕ ಸುತ್ತಲಿನ ಮೂರು ತಾಲೂಕಿಗೂ ಗೊತ್ತಿತ್ತು. ನಮ್ಮ ಕಡೆ ಮದುವೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಪಾನಕದ ತಪ್ಪಲೆ ಹಿಡಿದು ಕ್ಯಾಮೆರಾಕ್ಕೆ ಅಡ್ಡ ಬರುವುದು ವಾಡಿಕೆ. ಸಲೀಂ ಭಾಯ್ ಅವರನ್ನು ತಪ್ಪಲೆ ಸಮೇತ ಅಳಿಸಿಬಿಡುತ್ತಿದ್ದ. ಮದುವೆಗೆ ಬರಲಾಗದೆ ಹೋದ ಸೋದರಮಾವನನ್ನು ಪಾಸ್‌ಪೋರ್ಟ್ ಫೋಟೋದಿಂದ ಕತ್ತರಿಸಿ ತಂದು ಮಂಟಪದಲ್ಲಿ ನಿಲ್ಲಿಸುತ್ತಲೂ ಇದ್ದ. ಅಂಥವರನ್ನು ಗುರುತಿಸುವುದು ಸುಲಭ. ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ ಅವರೊಬ್ಬರು ಮಾತ್ರ ನೇರ ನಮ್ಮನ್ನೇ ನೋಡುತ್ತಿರುತ್ತಾರೆ. ಯಾರೂ ಅದನ್ನು ಆಡಿ ತೋರಿಸುವುದಿಲ್ಲ. ಕೆಲವು ವರ್ಷ ಕಳೆದರೆ, ಮಾವ ಬಂದೇ ಇದ್ದರು, ಹೋಳಿಗೆ ಚೆನ್ನಾಗಿದೆ ಎಂದೂ ಹೇಳಿದ್ದರು ಎನ್ನುವವರು ಹುಟ್ಟಿಕೊಳ್ಳುತ್ತಾರೆ.

ಹೀಗೆ ಫೋಟೋಶಾಪ್ ಆಯ್ಕೆಯಾಯಿತು. ಮೇಧಾ ಚಿತ್ರಗಳನ್ನು ಕೊಟ್ಟು ಬಂದಳು. ಅವುಗಳಲ್ಲಿ ಅವಳು ನೆಚ್ಚಿಕೊಂಡದ್ದು ಸಿರ್ಸಿಯ ಬಸ್ ನಿಲ್ದಾಣದ ಪೆನ್ಸಿಲ್ ಚಿತ್ರ. ಎಷ್ಟೋ ಮಧ್ಯಾಹ್ನ ಅಲ್ಲೇ ಕೂತು ಬರೆದದ್ದು. ಕಂಬಕ್ಕೆ ಒರಗಿದ ಹೂವಿನವಳು, ಬೆಂಚು ಖಾಲಿಯಿದ್ದರೂ ಮೆಟ್ಟಿಲ ಮೇಲೇ ಕೂತ ಹೆಂಗಸರು, ಕಿಟಕಿಯ ಸರಳಿಗೆ ತೂಗುಹಾಕಿದ ಕೊಡೆ, ಗೋಡೆಯ ನೆರಳು ಸರಿದಂತೆ ತಾನೂ ಸರಿಯುತ್ತ ನಿದ್ದೆ ಮಾಡುವ ಒಬ್ಬ ಮುದುಕ.

"ಜನ ಎಲ್ಲಿ ಕೂತ್ಕತ್ತ ಹೇಳಿ ನೋಡಿರೆ ಸಾಕು ಮಾವ" ಎಂದಿದ್ದಳು. "ಕಟ್ಟಡ ಸರಿ ಇದ್ದೋ ಇಲ್ಯೋ ಗೊತ್ತಾಗ್ತು."

ಹೊರಡುವ ದಿನ ಸ್ಟುಡಿಯೋದಿಂದ ಪೊಟ್ಟಣ ಪಡೆದು ರೈಲು ಹಿಡಿಯಲೆಂದು ನಾನೂ ಮೇಧಾಳೂ ನೇರ ಹಾವೇರಿ ಬಸ್ಸು ಹತ್ತಿದೆವು. ಅವಸರದಲ್ಲಿ ಮೂಲ ಚಿತ್ರಗಳು ಸಲೀಂ ಭಾಯ್ ಮೇಜಿನ ಮೇಲೇ ಉಳಿದವು. ದಾಸನಕೊಪ್ಪ ದಾಟುವಾಗ ಮೇಧಾ ಪೊಟ್ಟಣ ಬಿಚ್ಚಿದಳು.

ಮೊದಲ ಪುಟದಲ್ಲಿ ಗುಲಾಬಿಗಳ ನಡುವಿನ ಅಂಡಾಕಾರದೊಳಗಿಂದ ಸ್ವತಃ ಮೇಧಾ ಮಂದಹಾಸ ಬೀರುತ್ತಿದ್ದಳು. ಆಲ್ಬಮ್ ಎಂದ ಮೇಲೆ ಮೊದಲು ಹುಡುಗಿ ಇರಬೇಕಲ್ಲ. ನಗು ಬಂತು. ಪುಟ ತಿರುವಿದಳು. ನಗು ಅಲ್ಲಿಗೇ ನಿಂತಿತು. ಬಸ್ ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೂವಿನವಳು ಒರಗಿದ ಕಂಬ ಇತ್ತು, ಹೂವಿನವಳು ಇಲ್ಲ. ಮೆಟ್ಟಿಲುಗಳು ಈಗಷ್ಟೇ ತೊಳೆದಂತಿದ್ದವು. ಮುದುಕ, ಅವನ ನಿದ್ದೆ, ನೆರಳು, ಮೂರೂ ಮಾಯ. ಮೇಲೆ ತಿಳಿನೀಲಿ ಆಕಾಶ, ಹತ್ತಿಯಂಥ ಮೋಡ. ಊರನ್ನೇ ಯಾರೋ ಖಾಲಿ ಮಾಡಿಸಿ ಹೋದಂತಿತ್ತು. ತೆರೆದ ಬಾಯಿ ಮುಚ್ಚಲು ನನಗೆ ಆಗಲಿಲ್ಲ. ಮೇಧಾ ಅಳಲಿಲ್ಲ, ಅಳುವ ಹುಡುಗಿಯಾಗಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು.

ಹಾವೇರಿಯಲ್ಲಿ ಇಳಿದವನೇ ಎಸ್‌ಟಿಡಿ ಬೂತಿಗೆ ನುಗ್ಗಿದೆ. "ಸಲೀಂ ಭಾಯ್, ಬಸ್ ಸ್ಟ್ಯಾಂಡಲ್ಲಿದ್ದ ಜನ ಎಲ್ಲ ಎಲ್ಲಿ?"

"ಅಡ್ಡ ಬಂದವ್ರಾ ಸರ್? ಎಲ್ಲಾ ತೆಗ್ದೇನೆ" ಎಂದ, ಹೆಮ್ಮೆಯಿಂದ. "ಆ ಮಲಗಿದ್ದವ ಭಾಳ ಕಾಡ್ಸಿದ. ಕಾಲು ತೆಗೀಲಿಕ್ಕೇ ಅರ್ಧ ದಿನ ಹಿಡೀತು. ಪಾಪ, ಹುಡುಗಿ ಅಷ್ಟು ಚಂದ ಬಿಲ್ಡಿಂಗ್ ಬರ್ದದೆ, ಮುಂದೆ ಇವರೆಲ್ಲ ಬಂದು ಕೂತ್ರೆ ಹೆಂಗೆ?"

ಬೈದು ಫೋನ್ ಇಟ್ಟೆ. ಆದರೆ ಬನವಾಸಿಯ ದೇವಸ್ಥಾನದ ಮುಂದೆ ಕ್ಯಾಮೆರಾ ಹಿಡಿದವರು ಜನ ಸರಿಯಲೆಂದು ಕಾಯುವುದನ್ನು ನಾನೇ ಕಂಡಿದ್ದೇನೆ, ನಾನೂ ಕಾದಿದ್ದೇನೆ. ಒರಗಿದವರ ಬೆನ್ನು ತಾಗಿ ತಾಗಿಯೇ ಕಂಬಗಳು ಅಷ್ಟು ನುಣುಪಾಗಿರಬಹುದು ಎಂಬುದು ಆಗ ನಮಗೆ ಹೊಳೆಯುವುದಿಲ್ಲ. ಸಲೀಂ ಭಾಯ್ ನಮ್ಮೆಲ್ಲರ ಆಸೆಯನ್ನು ಇನ್ನಷ್ಟು ಶುಚಿಯಾಗಿ ಪೂರೈಸಿದ್ದ, ಅಷ್ಟೆ.

ಬೂತಿನಿಂದ ಹೊರಬಂದರೆ ಮೇಧಾ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಬಟರ್ ಪೇಪರ್ ಕೊಳ್ಳುತ್ತಿದ್ದಳು. ರೈಲು ನಿಲ್ದಾಣದ ಬೆಂಚಿನ ಮೇಲೆ ಕೆಳಗಿನದು ಕಾಣುವ ಆ ತೆಳುಹಾಳೆಯನ್ನು ಖಾಲಿ ಬಸ್ ನಿಲ್ದಾಣದ ಮೇಲೆ ಹಾಸಿ ಪೆನ್ಸಿಲ್ ಹಿಡಿದಳು. ಒಬ್ಬೊಬ್ಬರಾಗಿ ವಾಪಸು ಬಂದರು. ಹೂವಿನವಳು ಕಂಬಕ್ಕೆ ಒರಗಿದಳು. ಮುದುಕ ನೆರಳು ಹುಡುಕಿಕೊಂಡ. ಕೊಡೆ ತನ್ನ ಸರಳಿಗೇ ತೂಗಿತು. ಹಾಳೆ ಎತ್ತಿದರೆ ಬರಿದಾದ ಕಟ್ಟಡ, ಇಳಿಸಿದರೆ ಊರು.

ಮರುದಿನದ ಸಂದರ್ಶನದಲ್ಲಿ ಹಿರಿಯ ಅಧ್ಯಾಪಕಿಯೊಬ್ಬರು ಆ ಹಾಳೆಯನ್ನು ಹಲವು ಸಲ ಎತ್ತಿ ಇಳಿಸಿ ನೋಡಿದರಂತೆ. ಆಮೇಲೆ, ಇದನ್ನು ಯಾವ ಸಾಫ್ಟ್‌ವೇರಿನಲ್ಲಿ ಮಾಡಿದೆ ಎಂದು ಕೇಳಿದರಂತೆ. ಸೀಟು ಸಿಕ್ಕಿತು. ಗುಲಾಬಿಗಳ ಪುಟ ಅಕ್ಕನ ಮನೆಯ ಗೋಡೆಯಲ್ಲಿ ಚೌಕಟ್ಟಿನೊಳಗೆ ಇದೆ. ಸಲೀಂ ಭಾಯ್ ಮಾಡಿದ್ದರಲ್ಲಿ ಅದೇ ಚೊಲೋದು ಎಂದು ಅವಳ ವಾದ.

ಈ ಕತೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಓದು ಮುಗಿಸಿ ಊರಿಗೆ ಬಂದ ಮೇಧಾಳ ಎದುರು ಒಮ್ಮೆ ಹೇಳಿ ಮುಗಿಸಿದಾಗ, ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಮಾವ, ನೀ ಎಲ್ಲಿ ಬಂದಿದ್ದೆ? ಎನ್ನ ಸಂಗಡ ಬಂದಿದ್ದು ಅಪ್ಪ."

ನಾನು ಭಾವನ ಕಡೆ ತಿರುಗಿದೆ. "ಹೌದಲಾ" ಎಂದ ಅವನು, ಅಡಿಕೆ ಕತ್ತರಿಸುತ್ತ. "ಹಾವೇರಿಲಿ ಫೋನ್ ಮಾಡಿ ಬೈದಿದ್ದು ಆನು. ಆ ಕತೆ ನಿಂಗೆ ಹೇಳಿದ್ದೂ ಆನೇ."

ಬಸ್ಸಿನಲ್ಲಿ ಪುಟ ತಿರುವಿದಾಗಲೂ ನನಗೆ ಇಷ್ಟು ಆಘಾತವಾಗಿರಲಿಲ್ಲ, ನಾನು ಆ ಬಸ್ಸಿನಲ್ಲಿ ಇದ್ದದ್ದು ನಿಜವೇ ಆದರೆ. ದಿನಚರಿ ತೆಗೆದು ನೋಡಿದೆ. ಆ ದಿನ "ಸೆಕೆ ಜಾಸ್ತಿ" ಎಂದಷ್ಟೇ ಬರೆದಿದ್ದೇನೆ. ಸಿರ್ಸಿಯಲ್ಲಿ ಸೆಕೆಯೋ ಹಾವೇರಿಯಲ್ಲೋ, ಬರೆದಿಲ್ಲ. ಅಪ್ಪ ಮಗಳು ಸೇರಿ ನನ್ನನ್ನು ಅಳಿಸಿದ್ದಾರೆ ಎಂದು ವಾದ ಹೂಡಬಹುದಿತ್ತು. ಹೂಡಲೆಂದೇ ಕಣ್ಣು ಮುಚ್ಚಿ ಆ ಬಸ್ಸನ್ನು ಮತ್ತೊಮ್ಮೆ ತಂದುಕೊಂಡೆ. ಎಲ್ಲವೂ ಸ್ಪಷ್ಟ ಕಂಡಿತು. ಮೇಧಾ ಪೊಟ್ಟಣ ನೋಡುತ್ತಿದ್ದಾಳೆ. ಕಂಡಕ್ಟರ್ ಚಿಲ್ಲರೆ ನೋಡುತ್ತಿದ್ದಾನೆ. ನಾನೊಬ್ಬ ಮಾತ್ರ, ಬಾಯಿ ತೆರೆದುಕೊಂಡು, ಆಲ್ಬಮ್ಮಿನ ಸೋದರಮಾವನಂತೆ ನೇರ ಇತ್ತಲೇ ನೋಡುತ್ತಿದ್ದೇನೆ.