ಓರ್ಕಾಕ್ಕೆ ಎಸೆದ ಕಾಯಿ

ದೇವರಿಗೆಂದು ಒಯ್ದ ತೆಂಗಿನಕಾಯಿಯನ್ನು ನೀವು ಯಾರ ತಲೆಗಾದರೂ ಬೀಸಿದ್ದೀರಾ? ನಾನು ಬೀಸಿದ್ದೇನೆ. ಅದೂ ಭಟ್ಕಳದಾಚೆ, ನಡುಸಮುದ್ರದಲ್ಲಿ.

ನಮ್ಮ ಮನೆಯಲ್ಲಿ ಗಂಡಸರು ಮೀನು ಹಿಡಿದು ತಂದರೆ ಹೆಂಗಸರಾದ ನಾವು ಕುಮಟೆಯ ಪೇಟೆಗೆ ಒಯ್ದು ಮಾರುತ್ತಿದ್ದೆವು. ಹೆಣ್ಣು ದೋಣಿ ಹತ್ತುವ ಪದ್ಧತಿಯೇ ಇರಲಿಲ್ಲ. ಅದನ್ನು ಮುರಿದವಳು ಹೊನ್ನಾವರಕ್ಕೆ ಕೊಟ್ಟ ಮಗಳ ಮಗಳು. ತಿಮಿಂಗಿಲಗಳ ಬೆನ್ನ ಮೇಲಿನ ರೆಕ್ಕೆಯ ಫೋಟೋ ತೆಗೆಯುವುದು ಅವಳ ಕೆಲಸ. ರೆಕ್ಕೆಯ ಕಚ್ಚು, ಗಾಯ ನೋಡಿ ಯಾವುದು ಯಾವುದೆಂದು ಗುರುತಿಸುತ್ತಾಳಂತೆ. ಕಳೆದ ವರ್ಷ ಹಟ ಮಾಡಿ ಅವಳ ಸಂಶೋಧನೆಯ ಹಡಗನ್ನು ನಾನೂ ಹತ್ತಿದೆ. ಸಮುದ್ರಕ್ಕೆ ಅರ್ಪಿಸಲು ಕೈಯಲ್ಲೊಂದು ಕಾಯಿ.

ನೇತ್ರಾಣಿ ದ್ವೀಪ ದಾಟಿದ ಮೇಲೆ ಉದ್ದುದ್ದ ಕಪ್ಪು ರೆಕ್ಕೆಗಳು ಎದ್ದವು.

"ಓರ್ಕಾ ತಿಮಿಂಗಿಲ, ಅಜ್ಜಿ! ನಮ್ಮ ಬದಿಗೆ ಬರುದೇ ಅಪರೂಪ!" ಎಂದು ಮೊಮ್ಮಗಳು ಕ್ಯಾಮೆರಾ ಎತ್ತಿಕೊಂಡು ಓಡಿದಳು.

ನಾನು ಕೈ ಮುಗಿಯಬೇಕು ಅನ್ನುವಷ್ಟರಲ್ಲಿ, ಅವುಗಳ ಮುಂದೆ ಜೀವ ಕೈಯಲ್ಲಿ ಹಿಡಿದು ಈಜುತ್ತಿದ್ದ ತಾಯಿ ಡಾಲ್ಫಿನ್ ಕಂಡಿತು. ಪಕ್ಕೆಗೆ ಅಂಟಿಕೊಂಡು ಮರಿ.

ಒಂದು ಓರ್ಕಾ ಕೆಳಗಿನಿಂದ ಬಂದು ಗುದ್ದಿತು. ತಾಯಿ ಗಾಳಿಗೆ ಹಾರಿ ಮಗುಚಿ ಬಿತ್ತು. ಒದ್ದೆ ಬಟ್ಟೆಯ ಮೂಟೆಯನ್ನು ಬಂಡೆಗೆ ಅಪ್ಪಳಿಸಿದ ಹಾಗೆ. ಮೊಬೈಲಿನಲ್ಲಿ ಈ ಸಾಲು ಒತ್ತುವಾಗಲೂ ಆ ಸದ್ದು ಕೇಳುತ್ತದೆ. ಇನ್ನೆರಡು ನಡುವೆ ನುಗ್ಗಿ ಮರಿಯನ್ನು ಬೇರೆ ಮಾಡಿದವು. ತಾಯಿ ತಿರುಗಿ ಬಂತು. ಮತ್ತೆ ಗುದ್ದು. ಮತ್ತೆ ಬಂತು.

"ಬೋಟನ್ನ ನಡುವೆ ಹಾಕು ಮಾರಾಯಾ!" ಎಂದು ಹಡಗು ನಡೆಸುವ ತಾಂಡೇಲನಿಗೆ ಕೂಗಿದೆ.

"ಹಾಂಗೆಲ್ಲ ನಡುವೆ ಹೋಗೂಕಾಗುದಿಲ್ಲ ಅಕ್ಕ. ಅದು ಅವುಗಳ ಊಟ."

"ನಿನ್ನ ಊಟಕ್ಕೆ ಬೆಂಕಿ ಬೀಳ್ಲಿ!"

ಮೊಮ್ಮಗಳ ತೋಳು ಹಿಡಿದು ಜಗ್ಗಿದೆ. "ಮರಿ ಸಾಯ್ತದೆ ಕಾಣೇ! ಫೋಟೋ ಎಂತಕ್ಕೆ ಈಗ?" ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

ಮುಂದಿದ್ದ ಓರ್ಕಾ ಮರಿಯನ್ನು ಬಾಲದಿಂದ ಬಡಿಯಿತು. ಆಮೇಲೆ ಹಲ್ಲಿನಲ್ಲಿ ಕಚ್ಚಿ ಕೊಡವಿತು. ಚರ್ಮ ಸುಲಿದು ಬಂತು. ನೀರು ಮುರುಗಲು ಪಾನಕದ ಕೆಂಪು ಬಣ್ಣಕ್ಕೆ ತಿರುಗಿತು. ಆಯುಷ್ಯವಿಡೀ ಮೀನು ಕೊಯ್ದ ನಾನೇ ಹಡಗಿನ ಅಂಚಿಗೆ ನುಗ್ಗಿದೆ.

"ಹಾಳಾದ್ದೇ, ಬಿಡು ಅದನ್ನ!" ಎಂದು ಕಾಯಿ ಬೀಸಿದ್ದು ಆಗಲೇ. ಅದು ಅರ್ಧ ದಾರಿಯಲ್ಲೇ ಬಿತ್ತು. ಓರ್ಕಾ ಕಿತ್ತ ಮಾಂಸವನ್ನು ಕಚ್ಚಿಕೊಂಡು ಹಿಂದಿದ್ದ ಸಣ್ಣ ಓರ್ಕಾಗಳ ಕಡೆ ತಿರುಗಿತು. ತಾಯಿ ಡಾಲ್ಫಿನ್ ಕೆಂಪು ನೀರನ್ನು ಒಂದು ಸುತ್ತು ಹಾಕಿತು, ಮತ್ತೆ ಕಾಣಲಿಲ್ಲ.

ನನ್ನ ಬಾಯಿ ನಿಲ್ಲಲಿಲ್ಲ. "ಆ ರಾಕ್ಷಸಿಗೆ ಮಕ್ಕಳು ಮರಿ ಇಲ್ವಾ?"

ಮೊಮ್ಮಗಳು ಕ್ಯಾಮೆರಾ ಇಳಿಸಿ, ಆಗಷ್ಟೇ ತೆಗೆದ ಫೋಟೋವನ್ನು ನನ್ನ ಮೂಗಿಗೇ ಹಿಡಿದಳು.

"ಅಂಚು ಹರ್ದುಹೋದ ಈ ರೆಕ್ಕೆ ಕಾಣು, ನಮ್ಮ ಹಳೇ ಫೋಟೋದಲ್ಲೂ ಇದೆ. ಮುದಿ ಹೆಣ್ಣು ಅದು, ಮೊಮ್ಮಕ್ಕಳೇ ಇದ್ದಾವೆ. ಕಿತ್ತದ್ದನ್ನ ಮೊದ್ಲು ಅವುಕ್ಕೇ ಕೊಡ್ತು. ನೀ ಎಂತ, ಇಶ್ವಾಣ ಮೀನಿನ ನಡುತುಂಡು ನಂಗೆ ಹಾಕಿ, ತಲೆ ಚೀಪ್ತಾ ಕೂತ್ಕಂತಿದ್ದದ್ದು ಮರ್ತೋಯ್ತಾ?"